ಕೂಡಲೆ, ತೊವಗೂರು, ಇಗ್ಗಲೂರು: ಬೇಗೂರಿನ ಕಲ್ಲು ಹೇಳುವ ಊರುಗಳು

ಬೆಂಗಳೂರು ಮೆಟ್ರೋದ ಹಳದಿ ಮಾರ್ಗ 2025ರ ಆಗಸ್ಟಿನಲ್ಲಿ ಶುರುವಾಯಿತು. ಆರ್.ವಿ. ರಸ್ತೆಯಿಂದ ಹೊರಟ ರೈಲು ಬೊಮ್ಮನಹಳ್ಳಿ, ಹೊಂಗಸಂದ್ರ, ಕೂಡ್ಲು ಗೇಟ್, ಸಿಂಗಸಂದ್ರ, ಬೆರಟೇನ ಅಗ್ರಹಾರ ದಾಟಿ ಎಲೆಕ್ಟ್ರಾನಿಕ್ ಸಿಟಿ ಮುಟ್ಟಿ, ಅಲ್ಲಿಂದ ಬೊಮ್ಮಸಂದ್ರಕ್ಕೆ ಹೋಗುತ್ತದೆ. ಈ ಹೆಸರುಗಳನ್ನು ಕೇಳಿಸಿಕೊಳ್ಳುವ ಸಾವಿರಾರು ಜನರಿಗೆ ಅವು ಇಳಿಯುವ, ಹತ್ತುವ ಜಾಗಗಳು ಮಾತ್ರ. ‘ಕೂಡ್ಲು’ ಎಂದರೇನು, ಅದು ಎಷ್ಟು ಹಳೆಯದು ಎಂದು ಯೋಚಿಸಲು ಆ ಹೊತ್ತಿನಲ್ಲಿ ಯಾರಿಗೆ ಬಿಡುವಿದೆ? ಆದರೆ ಈ ಮಾರ್ಗದ ಇಕ್ಕೆಲಗಳಲ್ಲಿರುವ ಹಲವು ಊರುಗಳ ಹೆಸರನ್ನು ಸುಮಾರು 1100 ವರ್ಷಗಳ ಹಿಂದೆಯೇ ಒಬ್ಬ ಕಲ್ಲುಕುಟಿಗ ಒಂದು ದೊಡ್ಡ ಬಂಡೆಯ ಮೇಲೆ ಕೆತ್ತಿದ್ದಾನೆ. ಆ ಕಲ್ಲು ಬೇಗೂರಿನದು. ಈಗ ಅದು ಬೇಗೂರಿನಲ್ಲಿಲ್ಲ, ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಆ ಕಲ್ಲಿನ ಮುಂದೆ ನಾನು ಹಲವು ಬಾರಿ ನಿಂತಿದ್ದೇನೆ. ಮೊದಲು ಕಣ್ಣಿಗೆ ಬೀಳುವುದು ಅಕ್ಷರಗಳಲ್ಲ, ಯುದ್ಧ. ಆನೆ, ಕುದುರೆ, ಬಿಲ್ಲು ಹಿಡಿದವರು, ಕತ್ತಿ ಎತ್ತಿದವರು, ಕೆಳಗೆ ಬಿದ್ದವರು. ಸಾಮಾನ್ಯ ವೀರಗಲ್ಲಿನಲ್ಲಿ ಒಂದು ಪಟ್ಟಿಯೊಳಗೆ ಮುಗಿಯುವ ಕಾಳಗ ಇಲ್ಲಿ ಕಲ್ಲಿನ ತುಂಬ ಹರಡಿಕೊಂಡಿದೆ. ನೋಡುಗರು ಬಹಳ ಹೊತ್ತು ಚಿತ್ರವನ್ನೇ ನೋಡಿ ಮುಂದೆ ಹೋಗುತ್ತಾರೆ. ಬರಹದ ಸಾಲುಗಳಿಗೆ ಹಳಗನ್ನಡದ ಲಿಪಿ ಬಲ್ಲವರು ಬೇಕು. ಆ ಸಾಲುಗಳ ಸಾರ ಹೀಗಿದೆ: ಗಂಗ ದೊರೆ ಎರೆಯಪ್ಪನು ಬೀರಮಹೇಂದ್ರನ ಮೇಲೆ ಕಾದಲು ಅಯ್ಯಪದೇವನಿಗೆ ಸಹಾಯವಾಗಿ ನಾಗತ್ತರನನ್ನು ಸೇನೆಯೊಡನೆ ಕಳಿಸುತ್ತಾನೆ. ತುಂಬೆಪಾಡಿ ಎಂಬಲ್ಲಿ ಯುದ್ಧವಾಗುತ್ತದೆ. ಸೋಲು ಕಾಣತೊಡಗಿದಾಗ ನಾಗತ್ತರ ಆನೆಗಳಿಗೇ ಎದುರಾಗಿ ನುಗ್ಗಿ ಕಾದಿ ಸಾಯುತ್ತಾನೆ. ಅದನ್ನು ಕೇಳಿದ ಎರೆಯಪ್ಪ ಮೆಚ್ಚಿ, ಇರುಗ ಎಂಬುವನಿಗೆ ‘ನಾಗತ್ತರ’ ಪಟ್ಟ ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಡುತ್ತಾನೆ. ಒಂಬತ್ತನೆಯ ಶತಮಾನದ ಕೊನೆ ಅಥವಾ ಹತ್ತನೆಯ ಶತಮಾನದ ಆರಂಭದ ಮಾತಿದು.

ಕಲ್ನಾಡು ಎಂಬ ಪದವನ್ನು ಗಮನಿಸಿ. ಕಲ್ಲು ಮತ್ತು ನಾಡು ಸೇರಿ ಆದ ಪದ. ಸತ್ತ ವೀರನ ಹೆಸರಿನಲ್ಲಿ ಕಲ್ಲು ನಿಲ್ಲಿಸಿ, ಅವನ ಮನೆಯವರಿಗೆ ಬಿಟ್ಟುಕೊಟ್ಟ ನೆಲ. ಇದೇ ಬಗೆಯ ದಾನಕ್ಕೆ ಶಾಸನಗಳಲ್ಲಿ ‘ನೆತ್ತರುಕೊಡಗೆ’ ಎಂಬ ಇನ್ನೂ ನೇರವಾದ ಹೆಸರೂ ಇದೆ. ಆ ಕಾಲದ ನಾಡಿನಲ್ಲಿ ಜೀವಕ್ಕೆ ಪರಿಹಾರ ನೆಲವೇ ಆಗಿತ್ತು, ಆ ನೆಲದ ಪತ್ರ ಕಲ್ಲೇ ಆಗಿತ್ತು. ಕಾಗದವಾದರೆ ಪೆಟ್ಟಿಗೆಯಲ್ಲಿರುತ್ತದೆ, ಅದನ್ನು ಬಚ್ಚಿಡಬಹುದು, ತಿದ್ದಬಹುದು. ಕಲ್ಲು ಬಯಲಲ್ಲಿ, ಎಲ್ಲರ ಕಣ್ಣೆದುರು ನಿಂತಿರುತ್ತದೆ. ಓದಲು ಬಾರದವರಿಗೂ ಅದರ ಮೇಲಿನ ಚಿತ್ರ ಏನಾಯಿತೆಂದು ಹೇಳುತ್ತದೆ. ಮೇಲೆ ಕೆತ್ತಿದ ಸೂರ್ಯಚಂದ್ರರು ಎಷ್ಟು ಕಾಲ ಈ ಮಾತು ನಡೆಯಬೇಕು ಎಂಬುದನ್ನು ಹೇಳುತ್ತಾರೆ.

ಇನ್ನು ಆ ಹೆಸರುಗಳಿಗೆ ಬರೋಣ. ಕಲ್ನಾಡಾಗಿ ಕೊಟ್ಟ ಊರುಗಳ ಪಟ್ಟಿ ಬೆಂಪೂರಿನಿಂದ ಶುರುವಾಗುತ್ತದೆ. ಬೆಂಪೂರು ಎಂದರೆ ಇಂದಿನ ಬೇಗೂರು. ಆಮೇಲೆ ತೊವಗೂರು, ಪೂವಿನ ಪುಲ್ಲಿಮಂಗಲ, ಕೂಟನಿಡುನಲ್ಲೂರು, ನಲ್ಲೂರು, ಕೊಮರಂಗುಂದು, ಇಗ್ಗಲೂರು, ಎಲ್ಕುಂಟೆ, ಪರವೂರು, ಕೂಡಲೆ ಮುಂತಾದವು ಬರುತ್ತವೆ. ಈ ಪಟ್ಟಿಯನ್ನು ಇವತ್ತಿನ ನಕಾಶೆಯ ಪಕ್ಕದಲ್ಲಿ ಇಟ್ಟುಕೊಂಡು ಜೋರಾಗಿ ಓದಿ ನೋಡಿ. ಹಳಗನ್ನಡದ ಪಕಾರ ಮುಂದೆ ಹಕಾರವಾಯಿತು ಎಂಬುದನ್ನು ಶಾಲೆಯಲ್ಲಿ ಓದಿದ್ದೇವೆ: ಪಾಲು ಹಾಲಾಯಿತು, ಪೂವು ಹೂವಾಯಿತು, ಪುಲಿ ಹುಲಿಯಾಯಿತು. ಹಾಗೆಯೇ ಪುಲ್ಲಿಮಂಗಲ ಹುಲಿಮಂಗಲವಾದೀತು. ಜಿಗಣಿ ಕಡೆಯ ಹುಲಿಮಂಗಲ ಬೇಗೂರಿಗೆ ದೂರವೇನಲ್ಲ. ಎಲ್ಕುಂಟೆ ಎಂದಾಗ ಬೊಮ್ಮನಹಳ್ಳಿ ಪಕ್ಕದ ಯಳಕುಂಟೆ ನೆನಪಾಗುತ್ತದೆ. ಇಗ್ಗಲೂರು ಚಂದಾಪುರದ ಬಳಿ ಅದೇ ಹೆಸರಿನಲ್ಲಿ ಉಳಿದಿದೆ. ಕೂಡಲೆ ಕೂಡ್ಲು ಆಗಿದೆ. ತೊವಗೂರು? ದೊಡ್ಡತೋಗೂರು, ಚಿಕ್ಕತೋಗೂರು ಎಂಬ ಎರಡು ಊರುಗಳು ಎಲೆಕ್ಟ್ರಾನಿಕ್ ಸಿಟಿಯ ಮಗ್ಗುಲಲ್ಲೇ ಇವೆ. ಬರಿಯ ಉಚ್ಚಾರಣೆಯ ಹೋಲಿಕೆಯಾದರೆ ಅನುಮಾನಿಸಬಹುದಿತ್ತು. ಆದರೆ ಒಂದೇ ಪಟ್ಟಿಯ ಇಷ್ಟು ಹೆಸರುಗಳು ಒಂದೇ ಸುತ್ತಳತೆಯಲ್ಲಿ, ಬೇಗೂರಿನ ಸುತ್ತಮುತ್ತಲೇ ಸಿಗುವುದು ಆಕಸ್ಮಿಕವಾಗಿರಲಾರದು.

ಇದರಲ್ಲಿ ಒಂದು ವಿಚಿತ್ರ ಅಡಗಿದೆ. ಎಲೆಕ್ಟ್ರಾನಿಕ್ ಸಿಟಿಯನ್ನು ಕಟ್ಟಿದ್ದು ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ ನೆಲದ ಮೇಲೆ. 1976ರಲ್ಲಿ ಕಿಯೋನಿಕ್ಸ್ ಸಂಸ್ಥೆ ಹುಟ್ಟಿತು. ಅದರ ಮೊದಲ ಅಧ್ಯಕ್ಷರಾಗಿದ್ದ ಆರ್.ಕೆ. ಬಾಳಿಗರ ಕನಸಿನಂತೆ 332 ಎಕರೆಯಲ್ಲಿ ಈ ಕೈಗಾರಿಕಾ ನಗರಿ ಎದ್ದಿತು. ಆಗ ಅದು ಊರಿನಿಂದ ಬಹಳ ದೂರದ, ರಾಗಿ ಬೆಳೆಯುವ ಬಯಲು. ‘ಏನೂ ಇಲ್ಲದ ಜಾಗದಲ್ಲಿ’ ನಗರ ಕಟ್ಟಿದರು ಎಂಬ ಮಾತನ್ನು ಎಷ್ಟು ಬಾರಿ ಕೇಳಿಲ್ಲ! ಏನೂ ಇಲ್ಲದ ಆ ಜಾಗ ಎರೆಯಪ್ಪನ ಕಾಲಕ್ಕೇ ಒಂದು ಜೀವಕ್ಕೆ ಬದಲಾಗಿ ಕೊಡುವಷ್ಟು ಬೆಲೆಯುಳ್ಳದ್ದಾಗಿತ್ತು. ಹೆಸರಿತ್ತು, ಎಲ್ಲೆಯಿತ್ತು, ಬೆಳೆಯಿತ್ತು, ಕರ ಕೊಡುವವರಿದ್ದರು. ಹನ್ನೊಂದು ನೂರು ವರ್ಷಗಳಲ್ಲಿ ಗಂಗರು, ನೊಳಂಬರು, ಚೋಳರು, ಹೊಯ್ಸಳರು, ವಿಜಯನಗರದವರು, ಸುಲ್ತಾನರು, ಒಡೆಯರು, ಬ್ರಿಟಿಷರು ಬಂದುಹೋದರು. ತೊವಗೂರು ಎಂಬ ಸದ್ದು ಮಾತ್ರ ತೋಗೂರಾಗಿ ರೈತರ ನಾಲಿಗೆಯ ಮೇಲೆ ಉಳಿದುಬಂತು. ಕಲ್ಲನ್ನು ಓದಬಲ್ಲವರು ಇಲ್ಲದಿದ್ದ ಶತಮಾನಗಳಲ್ಲೂ ಆ ಪಟ್ಟಿಯನ್ನು ಜನ ಬಾಯಲ್ಲಿ ಕಾಪಾಡಿದ್ದರು. ಅದು ಪಟ್ಟಿ ಎಂದು ಅವರಿಗೆ ಗೊತ್ತಿರಲಿಲ್ಲ, ಅಷ್ಟೆ.

ಹೀಗಾಗಿ ನನಗೆ ಶಾಸನ ಮತ್ತು ಜನಪದ ನೆನಪು ಎರಡು ಬೇರೆ ಪಕ್ಷಗಳೆಂದು ಅನ್ನಿಸುವುದಿಲ್ಲ. ಸಾಮಾನ್ಯವಾಗಿ ನಾವು ಒಂದನ್ನು ನಿಜ, ಇನ್ನೊಂದನ್ನು ಕಟ್ಟುಕಥೆ ಎನ್ನುತ್ತೇವೆ. ಇದಕ್ಕೆ ಬೇಗೂರಿನ ಇನ್ನೊಂದು ಕಲ್ಲೇ ಕಾರಣ. ಅದು ಈಗಲೂ ಬೇಗೂರಿನಲ್ಲೇ, ಪಂಚಲಿಂಗ ನಾಗೇಶ್ವರ ದೇವಾಲಯದ ಆವರಣದಲ್ಲಿದೆ. ಆ ದೇವಾಲಯದ ನಾಗೇಶ್ವರ, ನಾಗರೇಶ್ವರ ಗುಡಿಗಳು ಗಂಗರ ಕಾಲಕ್ಕೆ ಸೇರಿದವು. ಉಳಿದ ಗುಡಿಗಳು ಆಮೇಲಿನವು. ಈ ಎರಡನೆಯ ಕಲ್ಲಿನಲ್ಲಿ ಯುದ್ಧದ ಭವ್ಯ ಚಿತ್ರವಿಲ್ಲ, ಕೆಲವೇ ಸಾಲುಗಳಿವೆ. ‘ಬೆಂಗಳೂರ ಕಾಳೆಗ’ದಲ್ಲಿ ನಾಗತ್ತರನ ಮಗ ಬುಟ್ಟನಸೆಟ್ಟಿಯೂ, ನಾಗತ್ತರನ ‘ಮನೆವಗತಿ’ ಅಂದರೆ ಮನೆಯಾಳು ಪೆರ್ವೊಣಸೆಟ್ಟಿಯೂ ಸತ್ತರು ಎಂಬುದು ಅದರ ಒಟ್ಟು ಸಂಗತಿ. ಕಾಲ ಸುಮಾರು ಕ್ರಿ.ಶ. 890. ‘ಬೆಂಗಳೂರು’ ಎಂಬ ಹೆಸರು ಬರಹದಲ್ಲಿ ಕಾಣಿಸಿಕೊಂಡ ಅತಿ ಹಳೆಯ ಕಡೆ ಎಂದು ಇದನ್ನು ಎಲ್ಲರೂ ಒಪ್ಪುತ್ತಾರೆ.

ಈ ಕಲ್ಲು ಬೆಳಕಿಗೆ ಬಂದಮೇಲೆ ‘ಬೆಂದಕಾಳೂರು’ ಕಥೆ ಬಿದ್ದುಹೋಯಿತು ಎಂದು ಬರೆಯುವುದು ರೂಢಿ. ಕಥೆ ನಿಮಗೆ ಗೊತ್ತಿರುವುದೇ: ಬೇಟೆಗೆ ಬಂದ ಹೊಯ್ಸಳ ವೀರಬಲ್ಲಾಳ ದಾರಿ ತಪ್ಪಿ, ಹಸಿದು, ಒಬ್ಬ ಮುದುಕಿಯ ಗುಡಿಸಲಿಗೆ ಬರುತ್ತಾನೆ. ಅವಳು ಬೇಯಿಸಿದ ಕಾಳು ಕೊಡುತ್ತಾಳೆ. ಅದರಿಂದ ಊರಿಗೆ ಬೆಂದಕಾಳೂರು ಎಂದು ಹೆಸರಾಗುತ್ತದೆ. ವೀರಬಲ್ಲಾಳ ಆಳಿದ್ದು 1173ರಿಂದ 1220ರವರೆಗೆ. ಅವನಿಗಿಂತ ಮೂರು ಶತಮಾನ ಹಿಂದೆಯೇ ಬೇಗೂರಿನ ಕಲ್ಲಿನಲ್ಲಿ ‘ಬೆಂಗಳೂರು’ ಇದೆ. ಆಮೇಲೆ ಮಡಿವಾಳದ ಸೋಮೇಶ್ವರ ದೇವಾಲಯದ 1247ರ ತಮಿಳು ಶಾಸನದಲ್ಲಿ ‘ವೆಂಗಳೂರು’ ಇದೆ, ಬೇಗೂರು ಅಲ್ಲಿ ‘ವೆಪ್ಪೂರು’ ಆಗಿದೆ. ಎಂದರೆ ಹೆಸರು ಸರಾಗವಾಗಿ ಹರಿದುಬಂದಿದೆ, ಅದಕ್ಕೆ ಬೆಂದ ಕಾಳಿನ ಅಗತ್ಯ ಬೀಳಲಿಲ್ಲ. 1537ರಲ್ಲಿ ಕೆಂಪೇಗೌಡರು ಕೋಟೆ ಪೇಟೆ ಕಟ್ಟಿದಾಗ ಈ ಹಳೆಯ ಹೆಸರು ಹೊಸ ಊರಿಗೆ ಬಂತು. ಹೆಬ್ಬಾಳದ ಆಚೆ ಕೊಡಿಗೇಹಳ್ಳಿ ಬಳಿಯ ‘ಹಳೆಬೆಂಗಳೂರು’ ಎಂಬ ಊರಿನಿಂದ ಅವರ ತಾಯಿಯೂ ಹೆಂಡತಿಯೂ ಬಂದವರು, ಹಾಗಾಗಿ ಅವರು ಆ ಹೆಸರನ್ನೇ ಇಟ್ಟರು ಎಂಬುದು ಇನ್ನೊಂದು ಐತಿಹ್ಯ.

ಇತಿಹಾಸದ ಲೆಕ್ಕದಲ್ಲಿ ಕಲ್ಲು ಗೆದ್ದಿತು. ಸರಿ. ಆದರೆ ಕಥೆ ಯಾಕೆ ಹುಟ್ಟಿತು ಎಂದು ಕೇಳುವುದನ್ನು ಬಿಡಬಾರದು. ಹೆಸರಿನ ಅರ್ಥ ಮಸುಕಾದಾಗ ಜನ ಅದನ್ನು ಒಡೆದು, ತಮಗೆ ಗೊತ್ತಿರುವ ಪದಗಳನ್ನು ಒಳಗೆ ತುಂಬಿ, ಒಂದು ಘಟನೆಯನ್ನು ಕಟ್ಟುತ್ತಾರೆ. ವಿದ್ವಾಂಸರೂ ಮಾಡಿದ್ದು ಹೆಚ್ಚುಕಡಿಮೆ ಅದನ್ನೇ: ಬೆಣಚುಕಲ್ಲಿನ ಊರು ಎಂದರು ಒಬ್ಬರು, ಬೆಂಗಾವಲಿನ ಊರು ಎಂದರು ಇನ್ನೊಬ್ಬರು. ವ್ಯತ್ಯಾಸ ಒಂದೇ. ಜನರ ಕಥೆಯಲ್ಲಿ ಮನುಷ್ಯರಿದ್ದಾರೆ. ದೊರೆಗೆ ಹಸಿವಾಗುತ್ತದೆ, ಬಡವಿ ಕೊಡುತ್ತಾಳೆ, ಊರಿಗೆ ಹೆಸರು ಬರುವುದು ದೊರೆಯಿಂದಲ್ಲ, ಬಡವಿಯ ಮಡಕೆಯಿಂದ. ಬೇಗೂರಿನ ಕಲ್ಲನ್ನು ಓದಿದಾಗ ನನಗೆ ಹೊಳೆದದ್ದು, ಈ ಎರಡೂ ನಾವು ಭಾವಿಸಿದಷ್ಟು ದೂರವಿಲ್ಲ ಎಂಬುದು. ಕಲ್ಲಿನಲ್ಲೂ ‘ಬೆಂಗಳೂರು’ ಎಂಬ ಪದ ಯಾವ ದೊರೆಯ ಬಿರುದಾವಳಿಯೊಳಗೂ ಬರುವುದಿಲ್ಲ. ಒಂದು ಮನೆಯ ಮಗನೂ ಅದೇ ಮನೆಯ ಆಳೂ ಒಟ್ಟಿಗೆ ಸತ್ತ ಸುದ್ದಿಯೊಳಗೆ ಬರುತ್ತದೆ. ಕಥೆಯ ಮುದುಕಿಗೆ ಹೆಸರಿಲ್ಲ. ಕಲ್ಲಿನ ಆಳಿಗೆ ಹೆಸರಿದೆ, ಪೆರ್ವೊಣಸೆಟ್ಟಿ. ಊರಿನ ಹೆಸರು ಎಷ್ಟು ಹಳೆಯದೆಂದು ತೋರಿಸಲು ನಾವು ಈ ಶಾಸನವನ್ನು ನೂರಾರು ಸಲ ಉಲ್ಲೇಖಿಸುತ್ತೇವೆ, ಸತ್ತವರ ಹೆಸರು ಹೇಳುವುದನ್ನು ಮರೆಯುತ್ತೇವೆ. ಕಲ್ಲು ನಿಲ್ಲಿಸಿದವರ ಉದ್ದೇಶ ಮಾತ್ರ ಸತ್ತವರ ಹೆಸರು ಉಳಿಸುವುದೇ ಆಗಿತ್ತು.

ಕಲ್ಲು ನೆಡುವುದು ಗಂಗರು ಶುರುಮಾಡಿದ ಪದ್ಧತಿಯಲ್ಲ. ಬರಹ ಬರುವ ಮೊದಲೇ ಈ ಭಾಗದ ಜನ ಸತ್ತವರಿಗಾಗಿ ಬಂಡೆಗಳನ್ನು ಎತ್ತಿ ನಿಲ್ಲಿಸಿದ್ದಾರೆ, ಸುತ್ತು ಕಲ್ಲು ಜೋಡಿಸಿದ್ದಾರೆ, ಚಪ್ಪಡಿಗಳ ಕೋಣೆ ಮಾಡಿದ್ದಾರೆ. ವೈಟ್‌ಫೀಲ್ಡ್ ದಾಟಿ ಪೂರ್ವಕ್ಕೆ ಹೋದರೆ ಹೊಸಕೋಟೆ ಸೀಮೆಯ ಜಡಿಗೇನಹಳ್ಳಿ ಸಿಗುತ್ತದೆ. ಅಲ್ಲಿನ ಬೃಹತ್ ಶಿಲಾಯುಗದ ಸಮಾಧಿಗಳನ್ನು 1957ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಎಂ. ಶೇಷಾದ್ರಿಯವರು ಉತ್ಖನನ ಮಾಡಿದರು. ಇಂಥ ಕಲ್ಲುಮನೆಗಳನ್ನು ಹಳ್ಳಿಗರು ಕೆಲವು ಕಡೆ ‘ಪಾಂಡವರ ಗುಡಿ’ ಎನ್ನುತ್ತಾರೆ, ಕೆಲವು ಕಡೆ ‘ಮೋರ್ಯರ ಮನೆ’ ಎನ್ನುತ್ತಾರೆ. ಮೋರ್ಯರೆಂದರೆ ಗೇಣುದ್ದದ ಕುಳ್ಳರು, ಬೆಂಕಿಮಳೆಗೆ ಹೆದರಿ ಕಲ್ಲಿನ ಮನೆ ಕಟ್ಟಿಕೊಂಡು ಒಳಗೇ ಸತ್ತರು ಎಂಬ ಕಥೆಯನ್ನು ಉತ್ತರದ ಹಿರೇಬೆಣಕಲ್ಲಿನ ಸುತ್ತಮುತ್ತ ಇವತ್ತಿಗೂ ಹೇಳುತ್ತಾರೆ. ಈ ಕಥೆಗಳಲ್ಲಿ ಕಾಲಗಣನೆಯಿಲ್ಲ, ನಿಜ. ಆದರೆ ಒಂದು ತಿಳುವಳಿಕೆ ಇದೆ: ಇವು ನಮ್ಮ ಅಜ್ಜಂದಿರು ಮಾಡಿದವಲ್ಲ, ಅವರಿಗೂ ಹಿಂದಿನವರು ಮಾಡಿದವು, ಇಲ್ಲಿ ಸಾವು ನಡೆದಿದೆ, ಇವನ್ನು ಮುಟ್ಟಬಾರದು. ಶೇಷಾದ್ರಿಯಂಥವರ ಗುದ್ದಲಿ ಇಳಿಯುವವರೆಗೆ ಈ ಸಮಾಧಿಗಳನ್ನು ಕಾಯ್ದದ್ದು ಇಂಥ ತಿಳುವಳಿಕೆಯೇ.

ಇನ್ನು ಹಳ್ಳಿಯ ನಡುವೆ ನಿಲ್ಲುವ ಕಲ್ಲು. ಬೆಂಗಳೂರು ಸುತ್ತಿನ ಹಳೆಯ ಊರುಗಳಲ್ಲಿ ಊರಬಾಗಿಲ ಹತ್ತಿರವೋ ನಡುವಿನ ಬೀದಿಯಲ್ಲೋ ಒಂದು ಒರಟು ಕಲ್ಲು ನೆಟ್ಟಿರುತ್ತದೆ. ಅದರ ಮೇಲೆ ಚಿತ್ರವಿರುವುದಿಲ್ಲ, ಅಕ್ಷರವಿರುವುದಿಲ್ಲ. ಕರಗಲ್ಲು, ಕರುವುಗಲ್ಲು ಎನ್ನುತ್ತಾರೆ. ತೆಲುಗು ಮಾತಾಡುವವರು ಬೊಡ್ಡುರಾಯಿ, ಅಂದರೆ ಹೊಕ್ಕುಳ ಕಲ್ಲು ಎನ್ನುತ್ತಾರೆ. ಊರು ಹುಟ್ಟಿದ ದಿನ ನೆಟ್ಟ ಕಲ್ಲು ಅದು. ಹಬ್ಬದಲ್ಲಿ ಮೊದಲ ಪೂಜೆ ಅದಕ್ಕೆ. ದನಗಳಿಗೆ ರೋಗ ಬಂದರೆ ಅದಕ್ಕೆ ನೀರೆರೆದು ದನಗಳನ್ನು ಅದರ ಮುಂದೆ ಹಾಯಿಸುವ ರೂಢಿಯೂ ಇತ್ತು. ಅಕ್ಷರವಿಲ್ಲದ ಈ ಕಲ್ಲು ಊರಿಗೆ ಹುಟ್ಟಿದ ದಿನವಿದೆ ಎಂದು ಹೇಳುತ್ತದೆ. ಅಕ್ಷರವಿರುವ ಕಲ್ಲು ಯಾರು ಸತ್ತರು ಎಂದು ಹೇಳುತ್ತದೆ.

ವೀರಗಲ್ಲುಗಳೂ ಕಾಲಕ್ರಮೇಣ ಇದೇ ಸಾಲಿಗೆ ಸೇರಿದವು. ಲಿಪಿ ಬದಲಾಯಿತು, ಓದುವವರು ಇಲ್ಲವಾದರು. ಆದರೆ ಕತ್ತಿ ಹಿಡಿದು ನಿಂತ ಆಕೃತಿ ಕಣ್ಣಿಗೆ ಕಾಣುತ್ತಿತ್ತು. ಅದು ‘ಈರಗಲ್ಲು’ ಆಯಿತು, ‘ಈರಗಾರಪ್ಪ’ ಆಯಿತು, ‘ವೀರರ ಗುಡಿ’ ಆಯಿತು. ಅರಿಶಿನ ಕುಂಕುಮ ಬಂತು, ವರ್ಷಕ್ಕೊಮ್ಮೆ ಎಡೆ ಬಂತು. ಓದುಬಲ್ಲವರು ಇದನ್ನು ನೋಡಿ, ಪಾಪ, ಯಾರೋ ಸೈನಿಕನನ್ನು ದೇವರು ಮಾಡಿಕೊಂಡಿದ್ದಾರೆ ಎಂದು ನಗುವುದುಂಟು. ಆದರೆ ಪೂಜೆ ಅಜ್ಞಾನದಿಂದ ಆಮೇಲೆ ಸೇರಿಕೊಂಡದ್ದಲ್ಲ. ಬೇಗೂರಿನ ಕಲ್ಲಿರುವ ಅದೇ ಸಂಗ್ರಹಾಲಯದಲ್ಲಿ ಮದ್ದೂರು ಸೀಮೆಯ ಆತಕೂರಿನ ಪ್ರಸಿದ್ಧ ಕಲ್ಲೂ ಇದೆ. ತಕ್ಕೋಲದ ಯುದ್ಧ ನಡೆದ 949ರ ಸುಮಾರಿನದು. ಮಣಲೆರ ಎಂಬ ವೀರ ದೊರೆಯಿಂದ ಬಹುಮಾನವಾಗಿ ಬೇಡಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಕಚ್ಚಾಡಿ ಸತ್ತವು. ನಾಯಿಗಾಗಿ ಕಲ್ಲು ನಿಲ್ಲಿಸಿ, ಮಣ್ಣು ದಾನ ಬಿಟ್ಟು, ಆ ಕಲ್ಲನ್ನು ಪೂಜಿಸದೆ ಉಣ್ಣುವ ಪೂಜಾರಿಗೆ ಪಾಪ ತಟ್ಟಲಿ ಎಂದು ಶಾಸನವೇ ವಿಧಿಸಿದೆ. ಎಂದರೆ ದಿನವೂ ಕಲ್ಲಿನ ಮುಂದೆ ನಿಂತು ನೆನೆಯುವುದು ಒಪ್ಪಂದದ ಭಾಗವೇ ಆಗಿತ್ತು. ಅರಿಶಿನ ಹಚ್ಚುವ ಇಂದಿನ ಅಜ್ಜಿ ಆ ಒಪ್ಪಂದವನ್ನು ಓದದೆಯೇ ಪಾಲಿಸುತ್ತಿದ್ದಾಳೆ. ವಸ್ತುಸಂಗ್ರಹಾಲಯದಲ್ಲಿ ಕಲ್ಲು ಸುರಕ್ಷಿತವಾಗಿದೆ, ಆದರೆ ಅಲ್ಲಿ ಅದನ್ನು ನೆನೆಯುವವರು ಯಾರೂ ಇಲ್ಲ.

ಎಲ್ಲ ಜನಪದ ನಂಬಿಕೆಯೂ ಕಲ್ಲನ್ನು ಕಾಯ್ದಿದೆ ಎಂದಲ್ಲ. ಒಂದು ನಂಬಿಕೆ ಕಲ್ಲುಗಳ ಪಾಲಿಗೆ ಮೃತ್ಯುವಾಗಿದೆ. ಅರ್ಥವಾಗದ ಅಕ್ಷರವೆಂದರೆ ಗುಟ್ಟು, ಗುಟ್ಟೆಂದರೆ ನಿಧಿ ಎಂಬ ತರ್ಕವದು. ಸೂರ್ಯಚಂದ್ರರನ್ನು ಕೆತ್ತಿದ್ದರೆ ಹಗಲು ಎಲ್ಲಿ ನೆರಳು ಬೀಳುತ್ತದೆ, ಹುಣ್ಣಿಮೆಯ ರಾತ್ರಿ ಎಲ್ಲಿ ಬೀಳುತ್ತದೆ ಎಂದು ಲೆಕ್ಕ ಹಾಕುತ್ತಾರೆ. ದಾನ ಕೆಡಿಸಿದವರಿಗೆ ಶಾಪ ಹೇಳುವ ಹಸುಕರುವಿನ ಚಿತ್ರವಿದ್ದರೆ ಹಸುವಿನ ಬಾಯಿ ತಿರುಗಿದ ದಿಕ್ಕಿಗೆ ಹಾರೆ ಹಾಕುತ್ತಾರೆ. ಕರ್ನಾಟಕದ ಉದ್ದಗಲಕ್ಕೂ ಹೀಗೆ ಕಿತ್ತು ಕೆಡವಿದ, ಎರಡಾಗಿ ಒಡೆದ ಕಲ್ಲುಗಳು ಸಿಗುತ್ತವೆ. ಶಾಸನದ ಕಲ್ಲಿನ ಕೆಳಗೆ ಹೊನ್ನಿಲ್ಲ. ಅದರಲ್ಲಿರುವ ಸಂಪತ್ತೆಲ್ಲ ಅಕ್ಷರದಲ್ಲೇ ಇದೆ. ಈ ಒಂದು ಮಾತನ್ನು ಪ್ರತಿ ಹಳ್ಳಿಯ ಶಾಲೆಯಲ್ಲಿ ಹೇಳಿದ್ದರೆ ಎಷ್ಟೋ ಕಲ್ಲು ಉಳಿಯುತ್ತಿದ್ದವು.

ಆ ಅಕ್ಷರದ ಸಂಪತ್ತನ್ನು ಮೊದಲು ಊರೂರು ಸುತ್ತಿ ಎತ್ತಿಟ್ಟವರು ಬಿ.ಎಲ್. ರೈಸ್. ಶಾಲೆಗಳ ತನಿಖೆಗೆಂದು ತಿರುಗಾಡುವಾಗ ಶಾಸನಗಳ ಗೀಳು ಹತ್ತಿಸಿಕೊಂಡ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳನ್ನು ತಂದರು. ಬೆಂಗಳೂರು ಜಿಲ್ಲೆಯ ಒಂಬತ್ತನೆಯ ಸಂಪುಟ ಬಂದದ್ದು 1905ರಲ್ಲಿ. ಅವರ ನಂತರ ಆರ್. ನರಸಿಂಹಾಚಾರ್ ಮುಂತಾದವರು ಆ ಕೆಲಸ ಮುಂದುವರಿಸಿದರು. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’, ಆರ್. ಶೇಷಶಾಸ್ತ್ರಿಗಳ ‘ಕರ್ನಾಟಕದ ವೀರಗಲ್ಲುಗಳು’ ಈ ಕಲ್ಲುಗಳ ಹಿಂದಿನ ಬದುಕನ್ನು ತೆರೆದವು. ತುರುಗೊಳ್ ಎಂದರೆ ದನ ಹಿಡಿಯುವ ಕಾಳಗ, ಪೆಣ್ಬುಯ್ಯಲ್ ಎಂದರೆ ಹೆಣ್ಣಿನ ಮಾನಕ್ಕಾಗಿ ನಡೆದ ಕಾಳಗ, ಊರಳಿವು ಎಂದರೆ ಊರೇ ನಾಶವಾಗುವಾಗ ನಡೆದ ಕಾಳಗ. ಒಂದೊಂದು ಪದವೂ ಹಳ್ಳಿಯೊಂದರ ಮೇಲೆ ಬಿದ್ದ ಒಂದೊಂದು ಬಗೆಯ ಆಪತ್ತಿನ ಹೆಸರು.

ಊರಳಿವಿನ ಕಲ್ಲೊಂದು ಬೆಂಗಳೂರಿನಲ್ಲೇ ಇದೆ. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ಕೆಲಸಕ್ಕೆ ನೆಲ ಅಗೆದಾಗ ಒಂದು ಕಲ್ಲು ಮೇಲೆ ಬಂತು. ಅದು ಗಂಗ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದ್ದು. ಪೆರ್ಬೊಳಲ್ನಾಡು ಮೂವತ್ತರ ಕಿತ್ತಯ್ಯ ಎಂಬುವನು ಶತ್ರುಗಳ ಎದುರು ಕಾದಿ ಸತ್ತದ್ದನ್ನು ಅದು ಹೇಳುತ್ತದೆ. ಬೆಂಗಳೂರಿನಲ್ಲಿ ಈವರೆಗೆ ಸಿಕ್ಕ ಅತಿ ಹಳೆಯ ಕನ್ನಡ ಶಾಸನ ಇದು. ಇಲ್ಲೂ ಪಕಾರ ಹಕಾರದ ಅದೇ ಆಟ: ಪೆರ್ಬೊಳಲು ಹೆಬ್ಬೊಳಲಾಗಿ, ಹೆಬ್ಬಾಳವಾಯಿತು. ಆಸಕ್ತರ ಗುಂಪೊಂದು ಹೊತ್ತಿಗೆ ಸರಿಯಾಗಿ ಬರದಿದ್ದರೆ ಆ ಕಲ್ಲು ಚರಂಡಿಯ ಗೋಡೆಗೋ ಪಾಯಕ್ಕೋ ಸೇರಿ ಹೋಗುತ್ತಿತ್ತು. ಈಗ ಹೆಬ್ಬಾಳದಲ್ಲೇ ಅದಕ್ಕೊಂದು ಮಂಟಪವಾಗಿದೆ. 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರು ಸುತ್ತಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ದಾಖಲಿಸುತ್ತಿದೆ. ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರವೂ ಆ ಚಿತ್ರದಲ್ಲಿ ಓದಸಿಗುತ್ತದೆ. ಹಳೆಯ ಓದುಗಳಲ್ಲಿ ಬಿಟ್ಟುಹೋಗಿದ್ದ ಅಕ್ಷರಗಳನ್ನೂ ಇದರಿಂದ ಮತ್ತೆ ಪರೀಕ್ಷಿಸಬಹುದು.

ಕಲ್ಲು ಹೋದರೂ ಅದರ ಚಿತ್ರ ಉಳಿಯಿತಲ್ಲ ಎಂದು ಇದನ್ನು ಕಂಡು ಕೆಲವರು ಸಮಾಧಾನಪಟ್ಟುಕೊಳ್ಳುತ್ತಾರೆ. ಅಷ್ಟು ಸಾಲದು ಎಂದು ನನ್ನ ಭಾವನೆ. ಕಲ್ಲು ಹೇಳುವುದರಲ್ಲಿ ಅರ್ಧ ಅಕ್ಷರದಲ್ಲಿದ್ದರೆ ಇನ್ನರ್ಧ ಅದು ನಿಂತ ಜಾಗದಲ್ಲಿದೆ. ವೈಟ್‌ಫೀಲ್ಡಿನ ಐಟಿ ಪಾರ್ಕಿನ ಮಗ್ಗುಲಲ್ಲಿರುವ ಪಟ್ಟಂದೂರು ಅಗ್ರಹಾರದ ಉದಾಹರಣೆ ನೋಡಿ. ಅಲ್ಲಿ ಕೆರೆ ಕಟ್ಟಿಸಿ, ತೂಬು ಇಡಿಸಿ, ದೇವರುಗಳನ್ನು ಸ್ಥಾಪಿಸಿದ್ದನ್ನು ರಾಜೇಂದ್ರ ಚೋಳನ ಕಾಲದ ಹನ್ನೊಂದನೆಯ ಶತಮಾನದ ತಮಿಳು ಶಾಸನವೊಂದು ಹೇಳುತ್ತದೆ. ವೈಟ್‌ಫೀಲ್ಡ್ ಎಂಬ ಹೆಸರು ಹುಟ್ಟಿದ್ದು 1882ರ ಆಂಗ್ಲೋ ಇಂಡಿಯನ್ ವಸಾಹತಿನಿಂದ. ಅದಕ್ಕೂ ಎಂಟು ಶತಮಾನ ಮೊದಲೇ ಅಲ್ಲೊಂದು ಕೆರೆಯಿತ್ತು ಎನ್ನುವುದಕ್ಕೆ ಆ ಕಲ್ಲು ಸಾಕ್ಷಿ. ಮಳೆ ಬಂದಾಗ ಐಟಿ ಪಾರ್ಕುಗಳ ಮುಂದೆ ನೀರು ನಿಂತರೆ ನಾವು ಆಶ್ಚರ್ಯಪಡುತ್ತೇವೆ. ನೀರು ತನ್ನ ಹಳೆಯ ಜಾಗಕ್ಕೆ ಬಂದಿರುತ್ತದೆ. ಕೆರೆಯ ದಂಡೆಯ ಮೇಲಿನ ಕಲ್ಲನ್ನು ಕಿತ್ತು ದೂರ ಸಾಗಿಸಿದರೆ ಅಕ್ಷರ ಉಳಿದೀತು, ‘ಈ ಕೆರೆ’ ಎಂದು ಬೆರಳಿಟ್ಟು ತೋರಿಸುವ ಶಕ್ತಿ ಉಳಿಯುವುದಿಲ್ಲ.

ಬೇಗೂರಿನ ದೊಡ್ಡ ಕಲ್ಲಿಗೂ ಆದದ್ದು ಇದೇ. ಸಂಗ್ರಹಾಲಯಕ್ಕೆ ಒಯ್ದದ್ದರಿಂದ ಅದು ಮಳೆಬಿಸಿಲಿನಿಂದ ಉಳಿಯಿತು, ನಿಧಿಗಳ್ಳರಿಂದ ಉಳಿಯಿತು, ಅದಕ್ಕೆ ಕೃತಜ್ಞರಾಗಿರಬೇಕು. ಆದರೆ ಬೇಗೂರಿನ ಮಕ್ಕಳಿಗೆ ಅದು ಅವರ ಊರಿನ ಕಲ್ಲು ಎಂದು ಗೊತ್ತಾಗಬೇಕಾದರೆ ಹತ್ತು ಹದಿನೈದು ಕಿಲೋಮೀಟರು ಬರಬೇಕು. ಅದರ ಒಂದು ಪಡಿಯಚ್ಚನ್ನಾದರೂ ಬೇಗೂರಿನಲ್ಲಿ, ಊರುಗಳ ಪಟ್ಟಿಯನ್ನು ಇಂದಿನ ಹೆಸರುಗಳೊಡನೆ ಬರೆದು ನಿಲ್ಲಿಸಿದರೆ ಆಗುವ ಖರ್ಚು ಎಷ್ಟು? ಕೂಡ್ಲು ಗೇಟಿನ ನಿಲ್ದಾಣದ ಗೋಡೆಯ ಮೇಲೆ ‘ಕೂಡಲೆ’ ಎಂಬ ಮೂರಕ್ಷರವನ್ನು ಆ 1100 ವರ್ಷದ ಲಿಪಿಯಲ್ಲೇ ಬರೆದರೆ ನೋಡುವವರು ನಿಲ್ಲುವುದಿಲ್ಲವೇ? ಬೇರೆ ರಾಜ್ಯಗಳಿಂದ ದುಡಿಯಲು ಬಂದು ಈ ಊರುಗಳ ಅಪಾರ್ಟ್‌ಮೆಂಟುಗಳಲ್ಲಿ ಇರುವವರಿಗೆ ಸ್ಥಳೀಯರು ಕನ್ನಡ ಕಲಿಯಿರಿ ಎನ್ನುತ್ತಾರೆ. ತಾವಿರುವ ಬೀದಿಯ ಹೆಸರಿಗೆ ಸಾವಿರ ವರ್ಷ ಆಯಸ್ಸಿದೆ ಎಂದು ತೋರಿಸಿದರೆ ಕಲಿಯುವ ಮನಸ್ಸು ತಾನಾಗಿ ಬಂದೀತು. ಆ ಪಟ್ಟಂದೂರಿನ ಶಾಸನ ತಮಿಳಿನಲ್ಲಿದೆ, ಬೇಗೂರಿನದು ಕನ್ನಡದಲ್ಲಿದೆ ಎಂಬುದನ್ನೂ ಹೇಳಬೇಕು. ಈ ಗಡಿನಾಡು ಯಾವತ್ತೂ ಒಂದೇ ನುಡಿಯ ನೆಲವಾಗಿರಲಿಲ್ಲ.

ಓದುವ ವಿದ್ಯಾರ್ಥಿಗಳಿಗೆ ಒಂದೆರಡು ಮಾತು. ನೀವು ಈ ಕೈಗಾರಿಕಾ ಪಟ್ಟಿಯ ಯಾವುದಾದರೂ ಹಳೆಯ ಊರಿನಲ್ಲಿದ್ದರೆ ಅಲ್ಲಿನ ಅರಳಿಕಟ್ಟೆ, ಮಾರಮ್ಮನ ಗುಡಿ, ಕೆರೆಕೋಡಿಯ ಸುತ್ತ ಒಮ್ಮೆ ನೋಡಿ. ಅರ್ಧ ಹೂತ ಕಲ್ಲು ಕಂಡರೆ ತೊಳೆಯಲು ಆಸಿಡ್ ಹಾಕಬೇಡಿ, ಅಕ್ಷರ ಕಾಣಲೆಂದು ಉಳಿಯಿಂದ ಕೆರೆಯಬೇಡಿ, ಬಣ್ಣ ಬಳಿಯಬೇಡಿ. ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಫೋಟೋ ತೆಗೆಯಿರಿ, ಆಗ ಅಕ್ಷರದ ನೆರಳು ಎದ್ದು ಕಾಣುತ್ತದೆ. ಜಾಗದ ಗುರುತು ಬರೆದಿಡಿ. ಬಲ್ಲವರಿಗೆ ತಿಳಿಸಿ. ಹಾಗೆಯೇ ಆ ಕಲ್ಲಿನ ಬಗ್ಗೆ ಊರಿನ ಹಿರಿಯರು ಏನು ಹೇಳುತ್ತಾರೆ ಎಂದು ಕೇಳಿ ಅದನ್ನೂ ಬರೆದುಕೊಳ್ಳಿ, ಅದು ಎಷ್ಟೇ ಅಸಂಭವವಾಗಿರಲಿ. ರೈಸ್ ಸಾಹೇಬರ ಸಂಪುಟದಲ್ಲಿ ಅಕ್ಷರಗಳು ಉಳಿದವು. ಆ ಕಾಲದಲ್ಲಿ ಪ್ರತಿ ಕಲ್ಲಿನ ಸುತ್ತ ಹೇಳುತ್ತಿದ್ದ ಕಥೆಗಳನ್ನು ಹಾಗೆ ಊರೂರು ಸುತ್ತಿ ಬರೆದವರಿಲ್ಲ, ಅವುಗಳಲ್ಲಿ ಬಹುಪಾಲು ಹೋಯಿತು. ಹೊಲ ಮಾರಿ ಊರು ಬಿಟ್ಟವರ ಜೊತೆ ಉಳಿದವೂ ಹೋಗುತ್ತಿವೆ.

ಬೇಗೂರಿಗೆ ಹೋದಾಗ ನಾಗೇಶ್ವರನ ದರ್ಶನ ಮಾಡಿ, ಆವರಣದ ಆ ಪುಟ್ಟ ಶಾಸನವನ್ನು ಕೇಳಿ ನೋಡಿ. ಬೆಂಗಳೂರು ಎಂಬ ಪದವನ್ನು ಹುಡುಕುವ ಮೊದಲು ಬುಟ್ಟನಸೆಟ್ಟಿ, ಪೆರ್ವೊಣಸೆಟ್ಟಿ ಎಂಬ ಎರಡು ಹೆಸರುಗಳನ್ನು ಹುಡುಕಿ, ಒಮ್ಮೆ ಬಾಯಿಬಿಟ್ಟು ಹೇಳಿ. ಆ ಕಲ್ಲನ್ನು ನಿಲ್ಲಿಸಿದವರು ಕೇಳಿಕೊಂಡದ್ದು ಅಷ್ಟನ್ನೇ.